ಭೋಗ್ಯದ ಮನೆಯ ಭಾನುವಾರಗಳು

ಮೊನ್ನೆ ಬೆಳಿಗ್ಗೆ ಬಸ್ಸು ನನ್ನನ್ನು ಮರ್ಫಿ ಟೌನಿನ ಹತ್ತಿರ ಇಳಿಸಿ ತಿರುಗಿಕೊಂಡು ಹೋಗಿಬಿಟ್ಟಿತು. ಮೆಟ್ರೋ ಕೆಲಸಕ್ಕೆ ಹಲಸೂರಿನ ರಸ್ತೆ ಅಗೆದಿದ್ದಾರೆ, ಮುಂದೆ ಹೋಗುವುದಿಲ್ಲ, ಒಳಗಿನಿಂದ ನಡೆದರೆ ಹತ್ತೇ ನಿಮಿಷ ಎಂದ ಕಂಡಕ್ಟರ್. ಆ ಹತ್ತು ನಿಮಿಷದ ದಾರಿಯನ್ನು ನಾನು ಹತ್ತು ವರ್ಷದಿಂದ ತಪ್ಪಿಸಿಕೊಂಡು ಓಡಾಡುತ್ತಿದ್ದೇನೆಂದು ಅವನಿಗೇನು ಗೊತ್ತು? ಕೈಯಲ್ಲಿ ಚೀಲ ಹಿಡಿದು ತಲೆ ಬಗ್ಗಿಸಿ ಬಿರಬಿರನೆ ಹೊರಟೆ.

ಎರಡನೇ ತಿರುವಿನಲ್ಲಿ ಮುದುಕನೊಬ್ಬ ಕಾಂಪೌಂಡಿಗೆ ಸುಣ್ಣ ಬಳಿಯುತ್ತಿದ್ದ. ಈಗಿನ ಡಬ್ಬಿ ಬಣ್ಣವಲ್ಲ, ಹಳೆಯ ಕಾಲದ ನೀಲಿ ಬೆರೆಸಿದ ಸುಣ್ಣ. ಹಸಿ ಗೋಡೆಯ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಬಗ್ಗಿಸಿದ್ದ ತಲೆ ಎತ್ತಿದೆ. ನಿಂತುಬಿಟ್ಟೆ. ಮುದುಕ ಕುಂಚ ನಿಲ್ಲಿಸಿ ನನ್ನ ಕಡೆ ತಿರುಗಿದ.

"ಏನಮ್ಮಾ, ಮನೆ ನೋಡೋಕ್ ಬಂದ್ರಾ? ಇಲ್ಲಿ ಯಾವ್ದೂ ಖಾಲಿ ಇಲ್ಲ."

ಪಾಪ, ಅವನು ಸಹಜವಾಗಿಯೇ ಕೇಳಿದ. ಆ ಗಲ್ಲಿಗಳಲ್ಲಿ ಗೋಡೆ ನೋಡುತ್ತಾ ನಿಂತವರೆಲ್ಲ ಮನೆ ಹುಡುಕುವವರೇ. ನಾನು ಮಾತ್ರ ಕಳ್ಳಿಯ ಹಾಗೆ ಅಲ್ಲಿಂದ ಕಾಲು ಕಿತ್ತೆ. ಹಲಸೂರಿನಲ್ಲಿ ಅವರೆಕಾಯಿ ಕೊಳ್ಳುವಾಗ ಚಿಲ್ಲರೆ ಎಣಿಸಿಕೊಳ್ಳುವುದನ್ನೂ ಮರೆತೆ.

ತೊಂಬತ್ತರ ದಶಕದ ಕೊನೆಯ ಒಂದು ಮಳೆಗಾಲ. ನಾನು, ನಮ್ಮ ಯಜಮಾನರು ಗೋಪಾಲಪ್ಪ, ಹತ್ತು ವರ್ಷದ ಮಗಳು ರೇಖಾ, ಮೂವರೂ ಅದೇ ಮರ್ಫಿ ಟೌನಿನಲ್ಲಿ ಮೇರಿಯಮ್ಮನವರ ಮನೆಯ ಹಿಂಭಾಗದಲ್ಲಿ ಭೋಗ್ಯಕ್ಕಿದ್ದೆವು. ನಮ್ಮೂರಿನ ಈ ಭೋಗ್ಯವೆಂಬುದನ್ನು ಹೊರಗಿನವರು ಬೇಗ ನಂಬುವುದಿಲ್ಲ. ಒಂದು ಲಕ್ಷ ರೂಪಾಯಿಯ ಗಂಟನ್ನು ಮನೆಯ ಓನರ್ ಕೈಗಿಟ್ಟರೆ ಮೂರು ವರ್ಷ ಬಾಡಿಗೆ ಕೊಡದೆ ಇರಬಹುದು. ಬಿಡುವಾಗ ಅದೇ ಒಂದು ಲಕ್ಷ, ಒಂದು ಪೈಸೆ ಹೆಚ್ಚಿಲ್ಲ ಕಡಿಮೆಯಿಲ್ಲದೆ ವಾಪಸ್ಸು ಬರುತ್ತದೆ. ನಮ್ಮ ಲಕ್ಷದಲ್ಲಿ ನನ್ನ ತವರಿನ ಸರವಿತ್ತು, ಯಜಮಾನರ ಪಿಎಫ್ ಇತ್ತು, ಸೀರೆಗಳಿಗೆ ಫಾಲ್ಸ್ ಹೊಲಿದು ನಾನು ಕೂಡಿಟ್ಟ ಎಂಟು ವರ್ಷದ ಚಿಲ್ಲರೆಯಿತ್ತು.

ನಾನು ಹುಟ್ಟಿದ್ದು, ಬೆಳೆದದ್ದು, ನೆರೆದದ್ದು ಎಲ್ಲ ಬೇರೆ ಬೇರೆ ಬಾಡಿಗೆ ಮನೆಗಳಲ್ಲಿ. ಒಮ್ಮೆ ಹಲಸೂರಿನ ಓನರೊಬ್ಬರು ನಮ್ಮಮ್ಮನ ಅನ್ನದ ಪಾತ್ರೆಯನ್ನು ಅನ್ನ ಸಮೇತ ಬೀದಿಯಲ್ಲಿಟ್ಟದ್ದನ್ನು ನೋಡಿದ್ದೇನೆ. ಆಗ ನನಗೆ ಏಳು ವರ್ಷ. ಸ್ವಂತ ಮನೆ ಎಂಬುದು ಬೇರೆಯವರಿಗೆ ಆಸೆಯಾದರೆ ನನಗೆ ಅದು ಹೆದರಿಕೆಗೆ ಮದ್ದು. ಒಂದು ರೂಪಾಯಿ ಖರ್ಚಾದರೂ ಆ ಪಾತ್ರೆ ಕಣ್ಣ ಮುಂದೆ ಬರುತ್ತಿತ್ತು.

ನಮ್ಮ ಯಜಮಾನರದು ಬೇರೆಯೇ ಜಾತಕ. ದೊಡ್ಡನೆಕ್ಕುಂದಿಯ ಒಂದು ಫ್ಯಾಕ್ಟರಿಯಲ್ಲಿ ಲೇತ್ ಮಿಷನ್ನಿನ ಕೆಲಸ. ಅವರ ತಾತ ಅದೇ ಕಡೆ ರಾಗಿ ಬೆಳೆದವರು. ಹೊಲ ಮಾರಿದ ದುಡ್ಡನ್ನು ಆರು ತಿಂಗಳಲ್ಲಿ ತಿಂದು ತೇಗಿದವರು. "ನಮ್ ತಾತ ಸಾಯೋವಾಗ ನಗ್ತಾ ಇದ್ದ ಕಣೇ" ಎನ್ನುತ್ತಿದ್ದರು ಹೆಮ್ಮೆಯಿಂದ. "ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು ರೀ" ಎಂದರೆ, "ನೀನು ಕಾಲು ಚಾಚೋದಿರ್ಲಿ, ಹಾಸಿಗೇನೇ ಸುತ್ತಿ ಅಟ್ಟದ ಮೇಲೆ ಇಟ್ಟಿದ್ದೀಯ" ಎಂದು ರೇಗಿಸುತ್ತಿದ್ದರು.

ಇಬ್ಬರ ನಡುವೆ ಒಂದು ಒಪ್ಪಂದವಾಗಿತ್ತು. ತಿಂಗಳಲ್ಲಿ ಮೂರು ಭಾನುವಾರ ನನ್ನವು, ಒಂದು ಅವರದು. ಅಡಿಗೆಮನೆಯ ಹಲಗೆಯ ಮೇಲೆ ಒಂದು ಗಾಜಿನ ಬಾಟ್ಲಿಯಿತ್ತು. ಅದಕ್ಕೆ ಅವರಿಟ್ಟ ಹೆಸರು ಶೋಕಿ ಬಾಟ್ಲಿ. ಸಂಬಳದ ದಿನ ಅದರೊಳಗೆ ಬಿದ್ದ ದುಡ್ಡು ಅವರ ಭಾನುವಾರಕ್ಕೆ. ಅವತ್ತು ಇಸ್ತ್ರಿ ಶರ್ಟು ಹಾಕಿಕೊಂಡು ನಮ್ಮಿಬ್ಬರನ್ನು ಬಸ್ಸಿನಲ್ಲಿ ಶಿವಾಜಿನಗರಕ್ಕೆ ಕರೆದುಕೊಂಡು ಹೋಗುತ್ತಿದ್ದರು. ಮಾರ್ಕೆಟ್ಟಿನಲ್ಲಿ ಸುಮ್ಮನೆ ಮೀನು ನೋಡುವುದು, ರೇಖಾಗೆ ಗಾಜಿನ ಬಳೆ, ಗಾಡಿಯ ಮುಂದೆ ನಿಂತು ಬಿಸಿ ಬಿಸಿ ಕಬಾಬ್. ಆಮೇಲೆ ಹಲಸೂರಿನಲ್ಲಿ ಒಂದು ಸಿನಿಮಾ, ಕಡಲೆಕಾಯಿ ಬಿಡಿಸುತ್ತಾ ಕೆರೆಯ ಪಕ್ಕದಲ್ಲಿ ನಡೆದು ಮನೆಗೆ. ನಿಜ ಹೇಳಬೇಕೆಂದರೆ ಆ ಕಬಾಬಿನಲ್ಲಿ ಅರ್ಧಕ್ಕಿಂತ ಹೆಚ್ಚು ನಾನೇ ತಿನ್ನುತ್ತಿದ್ದೆ. ತಿನ್ನುವಾಗ ಮಾತ್ರ ಆ ಅನ್ನದ ಪಾತ್ರೆ ನೆನಪಾಗುತ್ತಿರಲಿಲ್ಲ.

ಆ ಮಳೆಗಾಲಕ್ಕೆ ಹಿಂದಿನ ದೀಪಾವಳಿ ಕಳೆದ ಮೇಲೆ ಕೆ.ಆರ್. ಪುರದಾಚೆ ಒಂದು ಇಪ್ಪತ್ತು ಮೂವತ್ತರ ಸೈಟು ಬಂತು. ಊರಿನ ಹಳೆಯ ಜಮೀನ್ದಾರರೊಬ್ಬರು ಹೊಲವನ್ನು ಸೈಟು ಮಾಡಿ ಮಾರುತ್ತಿದ್ದರು. ಇಪ್ಪತ್ತು ಸಾವಿರ ಮುಂಗಡ ಕೊಟ್ಟೆವು. ಮುಂದಿನ ದೀಪಾವಳಿಯೊಳಗೆ ಉಳಿದ ಒಂದು ಲಕ್ಷ ಕಟ್ಟಬೇಕು, ತಪ್ಪಿದರೆ ಮುಂಗಡವೂ ಇಲ್ಲ, ಸೈಟೂ ಇಲ್ಲ ಎಂದು ಕರಾರು. ನಮ್ಮ ಭೋಗ್ಯ ಮುಗಿಯುವುದೂ ಆ ದೀಪಾವಳಿಗೇ. ಎರಡನ್ನೂ ಹೀಗೆ ಹೊಂದಿಸಿದ ನನ್ನ ಬುದ್ಧಿಗೆ ನಾನೇ ಬೀಗಿದೆ. ಮನೆ ಕಟ್ಟುವುದಕ್ಕೂ ಬೇಕಲ್ಲ ಎಂದು ಶೋಕಿ ಬಾಟ್ಲಿಯನ್ನು ಅವತ್ತೇ ಖಾಲಿ ಮಾಡಿದೆ.

"ಒಂದೇ ಒಂದು ವರ್ಷ ರೀ," ಎಂದೆ. "ಆಮೇಲೆ ನಮ್ ಮನೆ ಬಾಗ್ಲಲ್ಲಿ ಕೂತ್ಕೊಂಡು ದಿನಾ ಕಬಾಬ್ ತಿನ್ನಿ."

"ಬದ್ಕಿರೋವಾಗ ತಿನ್ದೇ ಇದ್ದಿದ್ದನ್ನ ಆಮೇಲೆ ತಿಥೀಲಿ ಬಡಿಸ್ತಾರೆ ಬಿಡು" ಎಂದು ನಕ್ಕರು. ಆದರೆ ಒಪ್ಪಿದರು. ಮೊದಮೊದಲು ರೇಖಾ ಪ್ರತಿ ಭಾನುವಾರವೂ "ಇವತ್ತು ಅಪ್ಪನ್ ಭಾನುವಾರನಾ?" ಎಂದು ಕೇಳುತ್ತಿದ್ದಳು. ಯುಗಾದಿಯ ಹೊತ್ತಿಗೆ ಕೇಳುವುದನ್ನು ಬಿಟ್ಟಳು.

ಆಷಾಢದಲ್ಲಿ ಮೇರಿಯಮ್ಮನವರಿಗೆ ದೀಪಾವಳಿಯ ವಿಷಯ ನೆನಪಿಸಲು ಹೋದೆ. ಅವರು ಅರವತ್ತು ದಾಟಿದ ವಿಧವೆ, ಒಬ್ಬನೇ ಮಗ ಪೀಟರ್ ದುಬೈಗೆ ಹೋಗಿದ್ದ. ಕ್ರಿಸ್‌ಮಸ್ಸಿಗೆ ನಮಗೆ ತಟ್ಟೆ ತುಂಬ ಕಲ್‌ಕಲ್ ಎಂಬ ಸಿಹಿ ತಿಂಡಿ ಕೊಡುತ್ತಿದ್ದ ಒಳ್ಳೆಯ ಹೆಂಗಸು. ನನ್ನ ಮಾತು ಕೇಳಿ ಅವರಿಗೆ ಆಶ್ಚರ್ಯವಾಯಿತು.

"ನನ್ ಹತ್ರ ಎಲ್ಲಿದೆ ಕಣ್ಣಮ್ಮಾ ದುಡ್ಡು? ಅದು ಅವಾಗ್ಲೇ ಹೋಯ್ತಲ್ಲ. ಹೊಸ ಪಾರ್ಟಿ ಬರ್ಲಿ, ಅವರ್ ಕೊಟ್ಟಿದ್ದು ಹಾಗೇ ನಿಂಗೆ. ನೀನ್ ಕೊಟ್ಟಿದ್ದೂ ನಿನ್ನ ಮುಂಚೆ ಇದ್ದೋರಿಗೆ ತಾನೇ ಹೋಗಿದ್ದು? ಅವರ್ಗೆ ಕೊಟ್ಟು ಮಿಕ್ಕಿದ್ದನ್ನ ಪೀಟರ್‌ನ ಕಳ್ಸೋಕೆ ಹಾಕ್ದೆ ಅಷ್ಟೇ."

ಇದು ಎಲ್ಲರಿಗೂ ಗೊತ್ತಿರುವ ಪದ್ಧತಿಯೇ. ಬರುವವನ ದುಡ್ಡು ಹೋಗುವವನಿಗೆ. ನನಗೂ ಗೊತ್ತಿತ್ತು, ಆದರೆ ತಲೆಗೆ ಹೋಗಿರಲಿಲ್ಲ. ನಮ್ಮ ಲಕ್ಷ ಎಲ್ಲೋ ಒಂದು ಬೀರುವಿನಲ್ಲಿ ಭದ್ರವಾಗಿದೆ ಎಂದುಕೊಂಡು ಮೂರು ವರ್ಷ ನೆಮ್ಮದಿಯಾಗಿ ನಿದ್ದೆ ಮಾಡಿದ್ದೆ. ದುಡ್ಡು ಎಲ್ಲೂ ಇರಲಿಲ್ಲ. ಇನ್ನೂ ಮುಖ ನೋಡಿರದ ಯಾರದೋ ಜೇಬಿನಲ್ಲಿತ್ತು.

ಸರಿ, ಪಾರ್ಟಿ ಹುಡುಕೋಣವೆಂದು ಅಂಗಡಿ ಅಂಗಡಿಗೂ ಹೇಳಿಟ್ಟೆವು. ಅಷ್ಟರಲ್ಲಿ ಒಂದು ಮಧ್ಯಾಹ್ನ ಮೇರಿಯಮ್ಮ ಒಂದು ಕಾಗದ ಹಿಡಿದುಕೊಂಡು ಹಿಂದಿನ ಬಾಗಿಲಿಗೆ ಬಂದರು. ಅವರಿಗೆ ತಮಿಳು ಬಿಟ್ಟರೆ ಬೇರೆ ಓದಲು ಬರುತ್ತಿರಲಿಲ್ಲ. "ಇದೇನಂತ ಸ್ವಲ್ಪ ಓದ್ಹೇಳಮ್ಮಾ" ಎಂದರು. ಓದಿದೆ. ಒಂದು ಸಹಕಾರ ಸೊಸೈಟಿಯ ನೋಟೀಸು. ಮಗನನ್ನು ಕಳಿಸಲು ಮನೆಯ ಪತ್ರ ಅಡವಿಟ್ಟು ಸಾಲ ತೆಗೆದಿದ್ದಾರೆ, ಎಂಟು ಕಂತು ಬಾಕಿ, ಕಟ್ಟದಿದ್ದರೆ ಮನೆ ಹರಾಜು. ಓದಿ ಮುಗಿಸಿ ಕೊನೆಯ ಸಾಲನ್ನು ಇನ್ನೊಮ್ಮೆ ಓದಿದೆ. ಮೇರಿಯಮ್ಮ ಶಿಲುಬೆ ಮುಟ್ಟಿಕೊಂಡು, "ಯಾರ್ಗೂ ಹೇಳ್ಬೇಡಮ್ಮಾ, ಮಾನ ಹೋಗತ್ತೆ" ಎಂದು ಅತ್ತರು.

ಮರುದಿನ ಯಾರಿಗೂ ಹೇಳದೆ ಹಲಸೂರಿಗೆ ಹೋಗಿ ನಮ್ಮ ಭೋಗ್ಯದ ಪತ್ರ ಟೈಪು ಮಾಡಿದವರನ್ನು ಕೇಳಿದೆ. ಅವರು ಕನ್ನಡಕದ ಮೇಲಿಂದ ನೋಡಿದರು.

"ರಿಜಿಸ್ಟರ್ ಮಾಡ್ಸಿದ್ರಾ?"

"ಇಲ್ಲ ಸಾರ್. ಬರೀ ಸ್ಟಾಂಪ್ ಪೇಪರ್."

"ಹಂಗಾದ್ರೆ ಮನೆ ಹರಾಜಾದ್ರೆ ನಿಮ್ಮನ್ನ ಯಾರೂ ಕೇಳಲ್ಲಮ್ಮಾ. ಅದಕ್ಕಿಂತ ಮುಂಚೆ ಬೇರೆ ಪಾರ್ಟಿ ಕೂರ್ಸಿ ದುಡ್ಡು ಈಸ್ಕೊಂಡು ಹೊರಟ್ಬಿಡಿ."

ಅವರು ಹೇಳಿದ್ದು ಅಷ್ಟೇ, ಮಳೆ ಬರತ್ತೆ ಕೊಡೆ ತಗೊಳ್ಳಿ ಎನ್ನುವ ಧಾಟಿಯಲ್ಲಿ. ಬೇರೆ ಪಾರ್ಟಿ ಕೂರಿಸುವುದೆಂದರೆ ನನ್ನ ಜಾಗದಲ್ಲಿ ಇನ್ನೊಬ್ಬಳನ್ನು ಕೂರಿಸುವುದು ಎಂದು ಮನೆಗೆ ಬರುವ ದಾರಿಯಲ್ಲಿ ನನಗೆ ಹೊಳೆಯಿತು. ಹೊಳೆದದ್ದನ್ನು ಅಲ್ಲೇ ಬಿಟ್ಟು ಬಂದೆ. ಯಜಮಾನರಿಗೂ ಹೇಳಲಿಲ್ಲ. ಹೇಳಿದರೆ ಅವರು ಬಂದವರಿಗೆಲ್ಲ ಬಾಯಿ ಬಿಡುತ್ತಾರೆ, ಅವರ ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲ ಎಂದು ನನ್ನ ಲೆಕ್ಕ.

ಹೆದರಿಕೆ ರಾತ್ರಿ ಬರುತ್ತದೆ ಎನ್ನುತ್ತಾರೆ. ನನಗೆ ಬರುತ್ತಿದ್ದುದು ಮಧ್ಯಾಹ್ನ ಮೂರು ಗಂಟೆಗೆ. ರೇಖಾ ಶಾಲೆಯಿಂದ ಬಂದಿರುವುದಿಲ್ಲ, ಮಳೆ ಹಿಡಿದಿರುತ್ತದೆ, ಹೊಲಿಯುತ್ತಿದ್ದ ಸೀರೆ ತೊಡೆಯ ಮೇಲಿರುತ್ತದೆ. ಗೇಟಿನ ಚಿಲಕ ಸದ್ದಾದರೆ ಸಾಕು, ಹರಾಜಿನವರು ಬಂದರೆಂದು ಬೆಚ್ಚಿಬೀಳುತ್ತಿದ್ದೆ. ಸೂಜಿ ಬೆರಳಿಗೆ ಚುಚ್ಚಿ ಯಾರದೋ ರೇಷ್ಮೆ ಸೀರೆಗೆ ರಕ್ತದ ಚುಕ್ಕೆಯಾಗಿ, ಅದನ್ನು ಉಗುಳು ಹಚ್ಚಿ ಉಜ್ಜುತ್ತಾ ಒಬ್ಬಳೇ ಅತ್ತದ್ದಿದೆ.

ಅದರ ಮೇಲೆ ಆ ಹಿಂದಿನ ಕೋಣೆಯ ಗೋಡೆ. ಪಕ್ಕದ ಮೋರಿಯ ನೀರು ಕುಡಿದು ಮಳೆಗಾಲದಲ್ಲಿ ಆಳೆತ್ತರಕ್ಕೆ ಕಪ್ಪಾಗುತ್ತಿತ್ತು. ನೋಡಲು ಬಂದ ಮೊದಲ ಎರಡು ಪಾರ್ಟಿಯವರು ಆ ಗೋಡೆ ನೋಡಿಯೇ ತಿರುಗಿಕೊಂಡರು. ಆಮೇಲೆ ನಾನೊಂದು ಕ್ರಮ ಹಿಡಿದೆ. ಜನ ಮನೆ ನೋಡಲು ಬರುವುದು ಭಾನುವಾರ. ಆದ್ದರಿಂದ ಪ್ರತಿ ಶನಿವಾರ ಬೆಳಿಗ್ಗೆ ಆ ಗೋಡೆಗೆ ಸುಣ್ಣ ಬಳಿಯುತ್ತಿದ್ದೆ. ಸೋಮವಾರದ ಹೊತ್ತಿಗೆ ಕಪ್ಪು ಮತ್ತೆ ಮೇಲೆ ಬರುತ್ತಿತ್ತು, ಶನಿವಾರ ಮತ್ತೆ ಬಳಿಯುತ್ತಿದ್ದೆ. ಸುಣ್ಣಕ್ಕೆ ಹಾಕುವ ನೀಲಿಪುಡಿಯನ್ನು ಇಡಲು ಏನೂ ಇರಲಿಲ್ಲವೆಂದು ಖಾಲಿ ಬಿದ್ದಿದ್ದ ಶೋಕಿ ಬಾಟ್ಲಿಯನ್ನೇ ಬಳಸಿದೆ. ಅದನ್ನು ನೋಡಿಯೂ ಯಜಮಾನರು ರೇಗಿಸಲಿಲ್ಲ. ಅದೇ ಮೊದಲು.

ಹೀಗೆ ಭಾನುವಾರಗಳೆಲ್ಲ ಮನೆ ತೋರಿಸುವ ದಿನಗಳಾದವು. ರೇಖಾಗೆ ಹೊಸ ಲಂಗ ಹಾಕಿ ಕೂರಿಸುತ್ತಿದ್ದೆ. ನೀರು ಬರತ್ತಾ ಎಂದರೆ ಧಾರಾಳವಾಗಿ ಬರತ್ತೆ ಎನ್ನುತ್ತಿದ್ದೆ. ಸುಣ್ಣ ತಿಂದು ನನ್ನ ಬೆರಳಸಂದಿಗಳು ಬಿರಿದು ಕೀವು ಕಟ್ಟಿದ್ದವು, ಅವನ್ನು ಸೆರಗಿನಲ್ಲಿ ಮುಚ್ಚಿಕೊಂಡೇ ನಗುತ್ತಾ ಮಾತಾಡುತ್ತಿದ್ದೆ. ದೀಪಾವಳಿಗೆ ಐದು ವಾರವಿತ್ತು, ನಾಲ್ಕಾಯಿತು, ಮೂರಾಯಿತು.

ಮೂರು ವಾರ ಉಳಿದಿದ್ದ ಆ ಭಾನುವಾರ ಬಂದವರು ಇಮ್ರಾನ್ ಮತ್ತು ಯಾಸ್ಮೀನ್. ಮದುವೆಯಾಗಿ ಎರಡು ವರ್ಷವಾದ ಗಂಡಹೆಂಡತಿ. ಅವನಿಗೆ ಶಿವಾಜಿನಗರದಲ್ಲಿ ಬ್ಯಾಗಿನ ಅಂಗಡಿಯಲ್ಲಿ ಕೆಲಸ. ಅವಳು ಬುರ್ಖಾದ ಮುಖಪರದೆ ಹಿಂದಕ್ಕೆ ಹಾಕಿ ಒಳಗೆ ಬಂದಾಗ ಏಳು ತಿಂಗಳ ಬಸುರಿಯೆಂದು ತಿಳಿಯಿತು. ಅತ್ತೆಯ ಮನೆಯಲ್ಲಿ ಹನ್ನೊಂದು ಜನಕ್ಕೆ ಒಂದೇ ಬಚ್ಚಲಂತೆ. ರವಿಕೆಗಳಿಗೆ ಜರಿ ಕೆಲಸ ಮಾಡಿ ಅವಳೂ, ಅಂಗಡಿಯಲ್ಲಿ ದುಡಿದು ಅವನೂ ಲಕ್ಷ ಕೂಡಿಸಿದ್ದರು. ಅವರು ಆಚೆಈಚೆ ನೋಡುವುದನ್ನು ಬಿಟ್ಟು ನನ್ನ ಮುಖವನ್ನೇ ನೋಡುತ್ತಿದ್ದರು. ಕೊನೆಗೆ ಇಮ್ರಾನ್ ಕೇಳಿದ.

"ನಾವು ಮುಸ್ಲಿಮ್ಸು. ಓನರ್‌ಗೆ, ನಿಮಗೆ, ಏನೂ ಅಭ್ಯಂತರ ಇಲ್ವಾ? ನಾಲ್ಕು ಕಡೆ ಹೆಸ್ರು ಕೇಳೇ ಬಾಗ್ಲು ಹಾಕಿದ್ರು."

"ಛೆ ಛೆ, ಅದೆಲ್ಲ ಏನಿಲ್ಲಪ್ಪ" ಎಂದೆ.

ಅವರಿಬ್ಬರ ಮುಖದಲ್ಲಿ ಬಂದ ಕೃತಜ್ಞತೆಯನ್ನು ನೋಡಲಾಗದೆ ನಾನು ಕಾಫಿಯ ನೆಪದಲ್ಲಿ ಒಳಗೆ ಹೋದೆ. ನನ್ನನ್ನು ದೊಡ್ಡ ಮನಸ್ಸಿನವಳೆಂದುಕೊಂಡರು. ಯಾಸ್ಮೀನ್ ಹಿಂದಿನ ಕೋಣೆಗೆ ಹೋಗಿ ಗೋಡೆ ಮುಟ್ಟಿದಳು. ಅಂಗೈಗೆಲ್ಲ ಸುಣ್ಣವಾಯಿತು. "ಹೊಸ ಸುಣ್ಣದ ವಾಸ್ನೆ ನಂಗೆ ಬಹಳ ಇಷ್ಟ ಆಂಟಿ," ಎಂದಳು. "ಇಲ್ಲಿ ತೊಟ್ಲು ಕಟ್ಬಹುದು." ಅಂಗೈ ಒರೆಸಿಕೊಳ್ಳಲು ನಾನು ಕೊಟ್ಟ ಬಟ್ಟೆಯನ್ನು ಮಡಿಸಿ ವಾಪಸ್ಸು ಕೊಟ್ಟಳು.

ಮರುದಿನ ಸೋಮವಾರ ಯಜಮಾನರು ಫ್ಯಾಕ್ಟರಿಯಿಂದ ಎರಡು ಗಂಟೆ ತಡವಾಗಿ ಬಂದರು. ಹತ್ತಿರ ಬಂದಾಗ ಶರ್ಟಿನಿಂದ ಕಬಾಬಿನ ಹೊಗೆಯ ವಾಸನೆ. ಕೇಳಿದರೆ ಶಿವಾಜಿನಗರಕ್ಕೆ ಹೋಗಿದ್ದೆ ಎಂದರು, ಅಷ್ಟೇ. ನನಗೆ ತಲೆ ಕೆಟ್ಟುಹೋಯಿತು. ತಿಂಗಳುಗಟ್ಟಲೆ ಒಳಗೆ ಅದುಮಿಟ್ಟುಕೊಂಡಿದ್ದ ಹೆದರಿಕೆಯೆಲ್ಲ ಸಿಟ್ಟಾಗಿ ಹೊರಬಂತು.

"ನಾನಿಲ್ಲಿ ಬೆರಳು ಕೊಳೆಸ್ಕೊಂಡು ಗೋಡೆ ಬಳೀತಾ ಇದ್ರೆ ನೀವ್ ಕಬಾಬ್ ತಿಂದ್ಕೊಂಡು ಬಂದ್ರಾ? ಹೆಂಡ್ತಿ ಮಗಳು ನೆನಪಾಗ್ಲಿಲ್ವಾ? ನಿಮ್ ತಾತನ ರಕ್ತ ಎಲ್ಲಿಗ್ ಹೋಗತ್ತೆ!"

ತಾತನನ್ನು ಎಳೆದು ತಂದದ್ದು ತಪ್ಪು. ರೇಖಾ ಮೂಲೆಯಲ್ಲಿ ಪುಸ್ತಕದೊಳಗೆ ಮುಖ ಹುದುಗಿಸಿದಳು. ಅವರು ಶರ್ಟು ಬಿಚ್ಚಿ ತಾವೇ ಬಕೆಟ್ಟಿನಲ್ಲಿ ನೆನೆಹಾಕಿದರು.

ಬುಧವಾರ ಮಧ್ಯಾಹ್ನ ಮೂರು ಗಂಟೆಗೆ ಗೇಟು ಸದ್ದಾಯಿತು. ಯಾಸ್ಮೀನ್ ಒಬ್ಬಳೇ ಬಂದಿದ್ದಳು. ಆ ಹೊಟ್ಟೆ ಹೊತ್ತುಕೊಂಡು ಎರಡು ಬಸ್ಸು ಬದಲಾಯಿಸಿ ಬಂದವಳಿಗೆ ನೀರು ಕೊಟ್ಟೆ. ಅವಳು ಲೋಟ ಕೆಳಗಿಟ್ಟು ನೆಟ್ಟಗೆ ನನ್ನನ್ನು ನೋಡಿದಳು.

"ಆಂಟಿ, ಒಂದೇ ಮಾತು ಕೇಳೋಕ್ ಬಂದೆ. ಈ ಮನೆಗೆ ಏನೂ ತೊಂದ್ರೆ ಇಲ್ಲ ಅಲ್ವಾ? ಪತ್ರ, ಸಾಲ, ಅಂಥದ್ದು? ನೀವು ಹೆಂಗ್ಸು, ಮಗು ಇರೋರು. ನೀವ್ ಹೇಳಿದ್ರೆ ನಂಗೆ ಸಾಕು."

ಆ ಕ್ಷಣ ನನಗೆ ಚೆನ್ನಾಗಿ ನೆನಪಿದೆ. ಅಡಿಗೆಮನೆಯಲ್ಲಿ ನಲ್ಲಿ ತೊಟ್ಟಿಕ್ಕುತ್ತಿತ್ತು. ಹೇಳಿಬಿಡು ಎಂದು ನನ್ನೊಳಗೆ ಯಾರೋ ಅಂದರು. ಹೇಳಿದರೆ ಇವಳು ಹೋಗುತ್ತಾಳೆ, ದೀಪಾವಳಿ ಬರುತ್ತದೆ, ಸೈಟು ಹೋಗುತ್ತದೆ, ಹರಾಜಾಗುತ್ತದೆ, ನಮ್ಮ ಅನ್ನದ ಪಾತ್ರೆ ಬೀದಿಯಲ್ಲಿರುತ್ತದೆ, ರೇಖಾ ನೋಡುತ್ತಾಳೆ. ಅವಳ ಲೋಟ ಎತ್ತಿಕೊಂಡೆ. ಅದನ್ನು ನೋಡುತ್ತಲೇ ಹೇಳಿದೆ.

"ಏನೂ ಇಲ್ಲಮ್ಮಾ. ಮೂರು ವರ್ಷ ನಾವೇ ಇದ್ವಲ್ಲ."

ಯಾಸ್ಮೀನ್ ಮುಖಪರದೆಯ ಅಂಚು ಸರಿಮಾಡಿಕೊಂಡಳು. ಆಮೇಲೆ "ಸರಿ ಆಂಟಿ" ಎಂದಳು. ಏಳಲು ಕಷ್ಟಪಡುತ್ತಿದ್ದವಳಿಗೆ ಕೈ ಕೊಟ್ಟೆ. ನನ್ನ ಬೆರಳುಗಳನ್ನು ಆಗ ನೋಡಿದಳು. ಹಾಗೇ ತಿರುಗಿಸಿ ನೋಡಿ, "ನಕ್ಕೋ ಆಂಟಿ, ಸುಣ್ಣ ಮುಟ್ಬೇಡಿ ಇನ್ನು. ಕೊಬ್ಬರಿ ಎಣ್ಣೆ ಹಚ್ಚಿ, ಎರಡು ದಿನಕ್ಕೆ ವಾಸಿ ಆಗತ್ತೆ" ಎಂದಳು.

ಮುಂದಿನ ಭಾನುವಾರ ದುಡ್ಡು ಬಂತು. ದೀಪಾವಳಿಗೆ ನಾಲ್ಕು ದಿನ ಮುಂಚೆ ಸೈಟು ನಮ್ಮದಾಯಿತು. ಅಲ್ಲೇ ಶೀಟಿನ ಎರಡು ಕೋಣೆ ಹಾಕಿಕೊಂಡು ಹೋದೆವು. ಸ್ವಂತ ಮನೆಯ ಮೊದಲ ದಿನ ಹಾಲು ಉಕ್ಕಿಸುವಾಗ ನೆಂಟರೆಲ್ಲ ನನ್ನನ್ನು ಹೊಗಳಿದರು, ಸರೋಜಾ ಹೊಟ್ಟೆ ಬಟ್ಟೆ ಕಟ್ಟಿ ಮನೆ ಮಾಡಿದಳು ಎಂದು. ನಾನು ಗೇಟಿನ ಕಡೆ ನೋಡುತ್ತಿದ್ದೆ.

ಹೆದರಿಕೆಗೆ ಮದ್ದೆಂದು ಮಾಡಿದ ಮನೆ. ಹೆದರಿಕೆ ನಮ್ಮ ಸಾಮಾನಿನ ಲಾರಿಯಲ್ಲೇ ಬಂದಿತ್ತು. ಹರಾಜಾಗಿರಬಹುದೇ? ಕಂಕುಳಲ್ಲಿ ಮಗು ಇಟ್ಟುಕೊಂಡು ಆ ಹುಡುಗಿ ಎಲ್ಲಿಗೆ ಹೋಗಿರಬಹುದು? ವಿಳಾಸ ಹುಡುಕಿಕೊಂಡು ಇಲ್ಲಿಗೆ ಬಂದರೆ? ಒಂದು ದಿನ ಬುರ್ಖಾ ತೊಟ್ಟ ಹೆಂಗಸೊಬ್ಬಳು ಗೇಟಿನ ಹತ್ತಿರ ನಿಂತದ್ದು ಕಂಡು ನಾನು ಒಳಗಿನಿಂದ ಚಿಲಕ ಹಾಕಿ, ರೇಖಾಳ ಬಾಯಿ ಮುಚ್ಚಿ ಹಿಡಿದು ಕೂತಿದ್ದೆ. ಅವಳು ಪೋಲಿಯೋ ಹನಿ ಹಾಕುವವಳು, ಪಕ್ಕದ ಮನೆಯ ಮಗುವನ್ನು ಹುಡುಕಿಕೊಂಡು ಬಂದಿದ್ದಳು. ರೇಖಾ ನನ್ನ ಕೈ ಬಿಡಿಸಿಕೊಂಡು "ಏನಮ್ಮಾ ಆಗಿದೆ ನಿಂಗೆ?" ಎಂದು ಅತ್ತಳು.

ಮನೆಯಾದ ಮೇಲೆ ಯಜಮಾನರು ಬಾಟ್ಲಿಯ ನೀಲಿಯನ್ನು ತಿಕ್ಕಿ ತೊಳೆದು ಮತ್ತೆ ಹಲಗೆಯ ಮೇಲಿಟ್ಟರು. ಈ ಭಾನುವಾರ ಶಿವಾಜಿನಗರ ಎಂದರು. ಇಮ್ರಾನನ ಅಂಗಡಿಯಿರುವ ಶಿವಾಜಿನಗರ! ನಾನು ತಲೆನೋವೆಂದೆ. ಇನ್ನೊಮ್ಮೆ ದೂರವೆಂದೆ, ಇನ್ನೊಮ್ಮೆ ರಶ್ಶೆಂದೆ, ಮೇಲೆ ಆರ್‌ಸಿಸಿ ಹಾಕಿಸುವವರೆಗೆ ಬೇಡವೆಂದೆ. ಆರ್‌ಸಿಸಿಯೂ ಆಯಿತು. ಅವರು ಕೇಳುವುದನ್ನು ನಿಲ್ಲಿಸಿದರು. ನೆಂಟರ ಮುಂದೆ "ನಮ್ಮ ಫೈನಾನ್ಸ್ ಮಿನಿಸ್ಟರು, ಪೈಸೆ ಬಿಚ್ಚಲ್ಲ" ಎಂದು ನಗುತ್ತಿದ್ದರು. ಜಿಪುಣಿ ಎಂಬ ಹೆಸರು ನನಗೆ ಒಂದು ರೀತಿಯಲ್ಲಿ ಅನುಕೂಲವೇ ಆಯಿತು. ಬಾಟ್ಲಿಯಲ್ಲಿ ಈಗ ಸಾಸಿವೆಯಿದೆ.

ಮೊನ್ನೆ ಆ ಸುಣ್ಣದ ವಾಸನೆ ಹೊತ್ತುಕೊಂಡು ಮನೆಗೆ ಬಂದೆ. ರೇಖಾ ಕಾಲೇಜಿಗೆ ಹೋಗಿದ್ದಳು. ಸಂಜೆಯ ಬಿಸಿಲಿನಲ್ಲಿ ಇಬ್ಬರೂ ಬಾಗಿಲಲ್ಲಿ ಕೂತು ಅವರೆಕಾಳು ಹಿಸುಕುತ್ತಿದ್ದೆವು. ನೆನೆದ ಕಾಳಿನ ಸಿಪ್ಪೆಯಿಂದ ಬೇಳೆಯನ್ನು ಚಿಮ್ಮಿಸುವುದರಲ್ಲಿ ಅವರು ನನಗಿಂತ ಚುರುಕು. ನನ್ನ ಕೈ ಮತ್ತೆ ಮತ್ತೆ ನಿಲ್ಲುತ್ತಿತ್ತು. "ಏನಾಯ್ತೇ?" ಎಂದರು. ಹತ್ತು ವರ್ಷ ಬಾಯಿಗೆ ಬಾರದ್ದು ಅವತ್ತು ಹೇಗೆ ಬಂತೋ. ನೋಟೀಸು ಓದಿದ್ದು, ಹಲಸೂರಿಗೆ ಹೋಗಿದ್ದು, ಯಾಸ್ಮೀನ್ ಕೇಳಿದ್ದು, ನಾನು ಹೇಳಿದ್ದು, ಎಲ್ಲ ಹೇಳಿ ಮುಗಿಸಿದೆ. ಬೈಯಲಿ, ಹೊಡೆಯಲಿ ಎಂದು ತಲೆ ತಗ್ಗಿಸಿ ಕೂತೆ.

ಅವರು ಕೈಯ ಕಾಳನ್ನು ಬಟ್ಟಲಿಗೆ ಹಾಕಿದರು.

"ನಿಂಗೂ ಗೊತ್ತಿತ್ತಾ?"

ನನಗೆ ಅರ್ಥವಾಗಲಿಲ್ಲ.

"ಆ ಸೊಸೈಟಿ ಮನುಷ್ಯ ಆಷಾಢದಲ್ಲೇ ಗೇಟ್ ಹತ್ರ ಸಿಕ್ಕಿ ನಂಗೆ ಹೇಳಿದ್ದ. ನಿಂಗೆ ಹೇಳಿದ್ರೆ ಹೆದರ್ಕೊಂಡು ಹಾಸ್ಗೆ ಹಿಡೀತೀಯ ಅಂತ ಸುಮ್ನಿದ್ದೆ. ಇಮ್ರಾನ್‌ಗೆ ಹೇಳ್ದೆ ಹೆಂಗಿರ್ಲಿ? ಬಸುರಿ ಹೆಂಡ್ತಿ ಕಟ್ಕೊಂಡು ಬಂದಿದ್ದ. ಅವನ ಅಂಗಡಿಗೇ ಹೋಗಿ ಹೇಳ್ದೆ. ಅವನು ಸೊಸೈಟೀಲಿ ವಿಚಾರಿಸ್ದ. ಪೀಟರ್ ದುಡ್ಡು ಕಳ್ಸೋವರ್ಗೂ ಕಂತು ತಾನೇ ಕಟ್ತೀನಿ, ಅದನ್ನ ಭೋಗ್ಯಕ್ಕೆ ಸೇರಿಸ್ಕೊಡಿ ಅಂತ ಮೇರಿಯಮ್ಮನ ಹತ್ರ ಬರೆಸ್ಕೊಂಡ. ಬೇರೆ ಕಡೆ ನಮ್ಗೆ ಮನೆ ಎಲ್ಲಿ ಕೊಡ್ತಾರೆ ಸಾರ್ ಅಂದ. ಆರೇಳು ವರ್ಷ ಅಲ್ಲೇ ಇದ್ರು. ಆಮೇಲೆ ಟ್ಯಾನರಿ ರೋಡಲ್ಲಿ ಸ್ವಂತದ್ದು ಮಾಡ್ಕೊಂಡ್ರಂತೆ."

"ಯಾವಾಗ ಹೇಳಿದ್ರಿ ಅವ್ನಿಗೆ?"

"ಅವರು ಮನೆ ನೋಡ್ಕೊಂಡು ಹೋದ ಮಾರ್ನೇ ದಿನ. ಕಬಾಬ್ ವಾಸ್ನೆ ಅಂತ ಬೈದ್ಯಲ್ಲ, ಅವತ್ತು." ಅವರು ಸ್ವಲ್ಪ ನಕ್ಕರು. "ಕಬಾಬ್ ಅವನೇ ಕೊಡ್ಸಿದ್ದು ಕಣೇ. ನಾನು ಒಂದ್ ಪೈಸೆ ಖರ್ಚು ಮಾಡ್ಲಿಲ್ಲ."

ಹರಾಜಾಗಿಲ್ಲ. ಯಾರೂ ಬೀದಿಗೆ ಬಂದಿಲ್ಲ. ಹತ್ತು ವರ್ಷದ ಮೇಲೆ ಮೊದಲ ಸಲ ಎದೆಯ ಗಂಟು ಸಡಿಲಾದದ್ದು ನಿಜ. ತಿಂಗಳಿಗೊಂದರಂತೆ ಅವರ ನೂರಿಪ್ಪತ್ತು ಭಾನುವಾರಗಳನ್ನು ಅನ್ಯಾಯವಾಗಿ ಕಳೆದೆನಲ್ಲ ಎಂದು ಅಳು ಬರುವುದರಲ್ಲಿತ್ತು. ಅಷ್ಟರಲ್ಲಿ ಇನ್ನೊಂದು ವಿಷಯ ತಲೆಗೆ ಬಂತು. ಸೋಮವಾರ ಇವರು ಹೇಳಿದ್ದು. ಯಾಸ್ಮೀನ್ ನನ್ನ ಹತ್ತಿರ ಬಂದದ್ದು ಬುಧವಾರ.

"ಹಂಗಾದ್ರೆ ಅವಳು ನನ್ನ ಕೇಳೋವಾಗ ಅವಳಿಗೆ ಗೊತ್ತಿತ್ತಾ?"

ಅವರು ಉತ್ತರ ಕೊಡುವ ಮುಂಚೆ ನನ್ನ ಮುಖ ನೋಡಿದರು. ಇನ್ನೊಂದು ಕಾಳು ಹಿಸುಕಿದರು. "ಗೊತ್ತಿಲ್ದೆ ಇರತ್ತಾ?" ಎಂದರು ಮೆಲ್ಲಗೆ.

ಗೊತ್ತಿದ್ದೇ ಕೇಳಿದ್ದಳು. ನಾನು ಹೇಳಿದ್ದನ್ನು ಕೇಳಿಸಿಕೊಂಡು, ಸರಿ ಆಂಟಿ ಎಂದು, ಆಮೇಲೆ ನನ್ನ ಬೆರಳು ಹಿಡಿದು ಕೊಬ್ಬರಿ ಎಣ್ಣೆ ಹಚ್ಚಲು ಹೇಳಿದ್ದಳು.

"ಅಂಗಡಿ ಈಗ ಅವನದೇ ಅಂತೆ," ಎಂದರು ಯಜಮಾನರು ಬಟ್ಟಲು ಎತ್ತಿಕೊಂಡು ಏಳುತ್ತಾ. "ಮೂರು ಮಕ್ಳು. ಈ ಭಾನುವಾರ ಹೋಗ್ಬರೋಣ್ವಾ? ಅವಳೂ ಸಂಜೆ ಹೊತ್ತು ಅಂಗಡೀಲಿ ಇರ್ತಾಳಂತೆ."

ಹೂಂ ಎಂದೆ. ಸಾಸಿವೆಯನ್ನು ಬೇರೆ ಡಬ್ಬಿಗೆ ಸುರಿದು ಬಾಟ್ಲಿ ತೊಳೆದಿಟ್ಟಿದ್ದೇನೆ. ನಾಳೆಯೇ ಭಾನುವಾರ. ಅವರ ಇಸ್ತ್ರಿ ಶರ್ಟನ್ನು ಮೊಳೆಗೆ ನೇತುಹಾಕಿದ್ದೇನೆ, ನನ್ನ ಸೀರೆಯನ್ನೂ ಮಡಿಸಿಟ್ಟಿದ್ದೇನೆ. ಅವಳು "ಹೇಗಿದ್ದೀರಾ ಆಂಟಿ, ಬೆರಳು ವಾಸಿ ಆಯ್ತಾ?" ಎಂದು ಕೇಳಿದರೆ ನಾನು ಏನು ಹೇಳಲಿ ಎಂಬುದೊಂದೇ ನನಗೀಗ ಹೆದರಿಕೆ.